ದಿನದ ದಾರಿ ಕುಡಿಯುವ ಪೆಟ್ರೋಲ್: ಲೆಕ್ಕ ಹಾಕುವ ಬಗೆ

ಮೈಲೇಜ್ ಇಳಿದರೆ ಬೈಗುಳ ಮೊದಲು ಬೀಳುವುದು ಎಂಜಿನ್‌ಗೆ. ಆದರೆ ಅದೇ ಕಾರು ಬೇರೆ ದಾರಿ ಹಿಡಿದರೆ ಮೈಲೇಜೂ ಬೇರೆಯಾಗುತ್ತದೆ. ಹಾಗಾಗಿ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೊದಲು ಅಳತೆಗೋಲು. 1200 ಕೆ.ಜಿ. ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 167 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಸುಮಾರು 32 ಮೆಗಾಜೂಲ್‌ನಲ್ಲಿ ಚಕ್ರ ತಲುಪುವುದು ಸುಮಾರು ಕಾಲು ಭಾಗ. ಅಂದರೆ ಬ್ರೇಕ್ ಒತ್ತಿ ಪೂರ್ತಿ ನಿಂತು, ಮತ್ತೆ 60ಕ್ಕೆ ಏರಿದರೆ ಹೆಚ್ಚುವರಿಯಾಗಿ ಸುಮಾರು 20 ಮಿ.ಲೀ. ಖರ್ಚು. ಇಂಥ ಐವತ್ತು ನಿಲುಗಡೆಗೆ ಒಂದು ಲೀಟರ್! 40ರಿಂದ ನಿಂತರೆ 9 ಮಿ.ಲೀ. ಸಾಕು, ಏಕೆಂದರೆ ಶಕ್ತಿ ಏರುವುದು ವೇಗದ ವರ್ಗದಂತೆ.

ಈಗ ಕಾಗದದಲ್ಲಿ ನಿಮ್ಮ ದಾರಿಯನ್ನು ಹೀಗೆ ಬರೆದುಕೊಳ್ಳಿ:

1. ದೂರ: ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋದರೆ ಕಿ.ಮೀ.ಗೆ 50 ಮಿ.ಲೀ.
2. ಪೂರ್ತಿ ನಿಲುಗಡೆ: ಒಂದಕ್ಕೆ 20.
3. ಹಂಪ್ (50ರಿಂದ 15ಕ್ಕೆ ಇಳಿದು ಮತ್ತೆ ಏರುವುದು): ಒಂದಕ್ಕೆ 13.
4. ಎಂಜಿನ್ ಚಾಲೂ ಇಟ್ಟು ಕಾಯುವುದು: ನಿಮಿಷಕ್ಕೆ 13.
5. ಏರು: ಎತ್ತರ 10 ಮೀಟರ್ ಹೆಚ್ಚಿದಂತೆಲ್ಲ 15. ಇಳಿಯುವಾಗ ಬ್ರೇಕ್ ಒತ್ತದಿದ್ದರೆ ಇದರಲ್ಲಿ ಒಂದಷ್ಟು ವಾಪಸ್ ಬರುತ್ತದೆ.

8 ಕಿ.ಮೀ. ದಾರಿಯಲ್ಲಿ 12 ನಿಲುಗಡೆ, 4 ನಿಮಿಷ ಕಾಯುವಿಕೆ ಇದ್ದರೆ 400 + 240 + 52 = 692 ಮಿ.ಲೀ. ಸುತ್ತುಬಳಸಿನ 9.5 ಕಿ.ಮೀ. ದಾರಿಯಲ್ಲಿ 3 ನಿಲುಗಡೆ, 1 ನಿಮಿಷ ಮಾತ್ರ ಇದ್ದರೆ 475 + 60 + 13 = 548. ಉದ್ದದ ದಾರಿಯೇ ಅಗ್ಗ. ಕಾರು ಭಾರವಾದಷ್ಟೂ 2, 3, 5ರ ಅಂಕಿಗಳನ್ನು ಅದೇ ಪ್ರಮಾಣದಲ್ಲಿ ಏರಿಸಿಕೊಳ್ಳಿ. ಇವೆಲ್ಲ ಅಂದಾಜು, ದಾರಿಗಳನ್ನು ಹೋಲಿಸಲು ಸಾಕು, ಬಿಲ್ ಹೊಂದಿಸಲು ಸಾಲದು.

ಸಿಗ್ನಲ್ ತೆಗೆದು ವೃತ್ತ ಮಾಡಿದರೆ ಇಂಧನ ತಾನಾಗಿ ಉಳಿಯುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. 60ರಿಂದ 30ಕ್ಕೆ ಇಳಿಯುವಷ್ಟರಲ್ಲೇ ಮುಕ್ಕಾಲು ಚಲನಶಕ್ತಿ ಹೋಗಿರುತ್ತದೆ. ವೃತ್ತ ಉಳಿಸಿಕೊಡುವುದು ಮುಖ್ಯವಾಗಿ ಕಾಯುವಿಕೆಯನ್ನು. ಉಳಿದದ್ದು ನಿಮ್ಮ ಪಾದದ ಕೆಲಸ: ವೃತ್ತವೋ ಕೆಂಪು ದೀಪವೋ ಕಂಡರೆ, ಹಿಂದೆ ಒತ್ತಿ ಬರುವ ವಾಹನ ಇಲ್ಲದಿದ್ದಲ್ಲಿ, 150–200 ಮೀಟರ್ ಮೊದಲೇ ಆಕ್ಸಿಲರೇಟರ್ ಬಿಡಿ, ಗೇರ್‌ನಲ್ಲೇ ಇರಿ. ಇಂಜೆಕ್ಷನ್ ಎಂಜಿನ್‌ಗಳಲ್ಲಿ ಆಗ ಪೆಟ್ರೋಲ್ ಪೂರೈಕೆ ಕಡಿತಗೊಂಡು, ಎಂಜಿನ್ ಸುತ್ತು ಐಡಲ್ (ಕಾರು ನಿಂತು ಎಂಜಿನ್ ಚಾಲೂ ಇರುವ ಸ್ಥಿತಿ) ಹತ್ತಿರಕ್ಕೆ ಇಳಿದಾಗ ಮತ್ತೆ ಶುರುವಾಗುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಐಡಲ್‌ನ ಖರ್ಚು ನಡೆದೇ ಇರುತ್ತದೆ. ಇಳಿಜಾರಿನಲ್ಲಂತೂ ಎಂಜಿನ್ ಹಿಡಿತ ತಪ್ಪಿ ಬ್ರೇಕ್ ಕಾದು ಅಪಾಯ.

ನೂರು ಮೀಟರ್‌ಗೊಂದು ಹಂಪ್ ಇರುವ ಬೀದಿಯಲ್ಲಿ ನಡುವೆ 50ಕ್ಕೆ ಎಳೆಯಬೇಡಿ. 20–25ರಲ್ಲೇ ಸಾಗಿದರೆ ತಡವಾಗುವುದು ಪ್ರತಿ ಹಂಪ್‌ಗೆ ಕೆಲವು ಸೆಕೆಂಡು.

ಇಂಧನ ಉಳಿಸುವ ರಸ್ತೆ ನಿಯಮಗಳಲ್ಲಿ ಹೆದ್ದಾರಿಯ ವೇಗಮಿತಿಗೆ ತೂಕ ಹೆಚ್ಚು. 80ರ ಬದಲು 100ರಲ್ಲಿ ಹೋದರೆ ಗಾಳಿಯ ಎದುರೊತ್ತಡ 1.56 ಪಟ್ಟು. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ ಅಮೆರಿಕ 1974ರಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ (ಸುಮಾರು 88 ಕಿ.ಮೀ.) ಮಿತಿ ಹೇರಿದ್ದು ಇದೇ ಕಾರಣಕ್ಕೆ. ಊರೊಳಗಿನ ಮಿತಿಯ ಮಾತು ಬೇರೆ. ಅಲ್ಲಿ ಗಾಳಿಗಿಂತ ಬ್ರೇಕೇ ದೊಡ್ಡ ಶತ್ರು.

ಟೈರ್ ಒತ್ತಡದ ಎಚ್ಚರಿಕೆ ದೀಪವನ್ನು ನಂಬಿ ಕೂರಬೇಡಿ. ಅಮೆರಿಕದ ನಿಯಮದಂತೆ ಅದು ಹೊತ್ತಬೇಕಾದದ್ದು ಒತ್ತಡ ಶೇ 25ರಷ್ಟು ಇಳಿದಾಗ, ಅಂದರೆ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕಾದ ಟೈರ್ 24ಕ್ಕೆ ಬಂದ ಮೇಲೆ. ದೀಪ ಇರುವುದು ಸುರಕ್ಷತೆಗೆ, ಮೈಲೇಜ್‌ಗಲ್ಲ. ನಾಲ್ಕೂ ಟೈರ್‌ಗಳಲ್ಲಿ ಒಂದೊಂದು ಪಿಎಸ್‌ಐ ಕಡಿಮೆಯಾದರೆ ಸುಮಾರು ಶೇ 0.2ರಷ್ಟು ಇಂಧನ ಹೆಚ್ಚು ಬೇಕು. ಟೈರ್ ತಣ್ಣಗಿರುವಾಗ ತಿಂಗಳಿಗೊಮ್ಮೆ ಅಳೆಯಿರಿ. ಓಡಿ ಬಿಸಿಯಾದ ಟೈರ್ ಹೆಚ್ಚು ಒತ್ತಡ ತೋರಿಸಿ ಮೋಸ ಮಾಡುತ್ತದೆ.

ಕಂಪನಿ ಹೇಳುವ ಮೈಲೇಜ್ ರೋಲರ್‌ಗಳ ಮೇಲೆ, ಪ್ರಯೋಗಾಲಯದಲ್ಲಿ ಬಂದ ಅಂಕಿ. ಅಲ್ಲಿ ಏರೂ ಇಲ್ಲ, ಹಂಪೂ ಇಲ್ಲ. ನಿಮ್ಮ ನಿಜವಾದ ಅಂಕಿಗೆ ಒಂದೇ ಪಂಪಿನಲ್ಲಿ ನಾಝಲ್ ಮೊದಲ ಸಲ ತಾನೇ ನಿಲ್ಲುವವರೆಗೆ ತುಂಬಿಸಿ, ಕನಿಷ್ಠ 300 ಕಿ.ಮೀ. ಓಡಿಸಿ, ಮತ್ತೆ ಹಾಗೆಯೇ ತುಂಬಿಸಿ, ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರ್‌ನಿಂದ ಭಾಗಿಸಿ. 50 ಕಿ.ಮೀ.ಗೇ ಅಳೆದರೆ ನಾಝಲ್ ಅರ್ಧ ಲೀಟರ್ ಹೆಚ್ಚುಕಡಿಮೆ ಮಾಡಿದರೂ ಲೆಕ್ಕ ಕೆಟ್ಟಂತೆ.