ಊಟ ಮುಗಿದರೂ ಏಳದೆ ಕೂತ ಆ ವರ್ಷ

ನಾನು ಬಾಗಲಕೋಟೆಯವಳು. ನಮ್ಮ ಮನೆಯಲ್ಲಿ ಊಟ ಆಯಿತು ಅಂದರೆ ಎದ್ದು ಕೈ ತೊಳೆಯುವುದು. ಎಂಜಲು ಕೈಯಲ್ಲಿ ಹರಟೆ ಹೊಡೆಯುತ್ತಾ ಕೂತರೆ ಅವ್ವ ಬೈಯುತ್ತಾಳೆ. ಹಾಗಾಗಿ ಸ್ಪೇನಿನ ಸಲಮಾಂಕಾದಲ್ಲಿ, ಬಾಡಿಗೆ ಮನೆಯ ಮೊದಲ ರಾತ್ರಿ, ತಟ್ಟೆ ಖಾಲಿಯಾದ ಕೂಡಲೇ ಎದ್ದೆ. ತೊಳೆದಿಟ್ಟೆ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಒಂದು ವಾರ ಹೀಗೇ ನಡೆಯಿತು. ಬಾಗಿಲಾಚೆ ಉಳಿದ ಮೂವರು ಹುಡುಗಿಯರು ರಾತ್ರಿ ಹನ್ನೆರಡರ ತನಕ ಮಾತಾಡುತ್ತಿದ್ದರು, ನಗುತ್ತಿದ್ದರು. ನನ್ನನ್ನು ಬಿಟ್ಟು ಅವರವರೇ ಗೆಳತಿಯರಾಗಿಬಿಟ್ಟರು ಅಂದುಕೊಂಡು ದಿಂಬಿಗೆ ಮುಖ ಒತ್ತಿ ಅತ್ತಿದ್ದೂ ಉಂಟು.

ಎಂಟನೇ ದಿನ ಅವರಲ್ಲಿ ಒಬ್ಬಳು, ಸ್ಪೇನಿನದೇ ಕಾಸೆರೆಸ್ ಊರಿನವಳು, ಬಾಗಿಲು ತಟ್ಟಿದಳು. "ನಮ್ಮ ಮೇಲೆ ಸಿಟ್ಟಾ?" ಅಂತ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಕೇಳಿದಳು. ಉಂಡ ತಕ್ಷಣ ಎದ್ದು ಹೋಗುತ್ತೀಯಲ್ಲ, ನಾವೇನಾದರೂ ತಪ್ಪು ಮಾತಾಡಿದೆವಾ ಅಂತ ಅವಳಿಗೂ ಒಂದು ವಾರದಿಂದ ಚಿಂತೆ. ಆವತ್ತು ಅವಳು ಒಂದು ಪದ ಹೇಳಿಕೊಟ್ಟಳು, ಸೊಬ್ರೆಮೆಸಾ. ‘ಸೊಬ್ರೆ’ ಅಂದರೆ ಮೇಲೆ, ‘ಮೆಸಾ’ ಅಂದರೆ ಮೇಜು. ಊಟ ಮುಗಿದ ಮೇಲೂ ಮೇಜು ಬಿಡದೆ ಕೂತು ಮಾತಾಡುವ ಹೊತ್ತಿಗೆ ಆ ಹೆಸರು. ಅಲ್ಲಿಯ ಜನಕ್ಕೆ ಆ ಹೊತ್ತೂ ಊಟದ ಒಂದು ಭಾಗವೇ. ನಾನು ದಿನಾ ಅರ್ಧ ಊಟಕ್ಕೇ ಎದ್ದು ಹೋಗುತ್ತಿದ್ದೆ ಅಂತ ಗೊತ್ತಾಗಿದ್ದು ಆಗ.

ಅವತ್ತು ರಾತ್ರಿ ಕೈ ತೊಳೆದುಕೊಂಡು ಬಂದು ಮತ್ತೆ ಕೂತೆ. ನನ್ನ ಆ ವರ್ಷ ನಿಜವಾಗಿ ಶುರುವಾಗಿದ್ದು ಅಲ್ಲಿಂದ.

ನಾನು ಹೋಗಿದ್ದು ಭಾಷೆ ಕಲಿಯಲು. ಬೆಂಗಳೂರಲ್ಲಿ ಡಿಗ್ರಿ ಓದುವಾಗ ಸಂಜೆ ಕ್ಲಾಸಿಗೆ ಹೋಗಿ ಸ್ವಲ್ಪ ಸ್ಪ್ಯಾನಿಷ್ ಕಲಿತಿದ್ದೆ. ಸಲಮಾಂಕಾ ವಿಶ್ವವಿದ್ಯಾಲಯ 1218ರಲ್ಲಿ ಶುರುವಾದದ್ದು. ಎಂಟು ನೂರು ವರ್ಷಗಳಿಂದ ಊರೇ ವಿದ್ಯಾರ್ಥಿಗಳದ್ದು. ಕಟ್ಟಡಗಳೆಲ್ಲ ಪಕ್ಕದ ವಿಯಾಮಯೋರ್ ಊರಿನ ಮರಳುಗಲ್ಲಿನವು. ಸಂಜೆ ಬಿಸಿಲು ಬಿದ್ದರೆ ಗೋಡೆಗಳು ಹದವಾಗಿ ಕಾಸಿದ ತುಪ್ಪದ ಬಣ್ಣಕ್ಕೆ ತಿರುಗುತ್ತವೆ. ನಮ್ಮ ಬಾದಾಮಿಯದ್ದೂ ಮರಳುಗಲ್ಲೇ. ಆದರೆ ಅದು ಕೆಂಪು.

ಮನೆಯಲ್ಲಿ ನಾವು ನಾಲ್ವರು. ಕಾಸೆರೆಸ್‌ನವಳು, ಮೆಕ್ಸಿಕೋದ ಪ್ವೆಬ್ಲಾದವಳು, ಪೋಲೆಂಡಿನವಳು ಮತ್ತು ನಾನು. ಮೊದಲ ತಿಂಗಳು ಮಾತು ನನ್ನ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಕ್ಲಾಸಿನಲ್ಲಿ ಮೇಷ್ಟ್ರು ಆಡುವ ಸ್ಪ್ಯಾನಿಷ್ ಬೇರೆ, ಮೇಜಿನ ಸುತ್ತ ಮೂರು ಜನ ಒಟ್ಟಿಗೆ ಆಡುವ ಸ್ಪ್ಯಾನಿಷ್ ಬೇರೆ. ನಾನು ಮಾಡಿದ್ದು ಇಷ್ಟೇ: ಅರ್ಥವಾಗದಿದ್ದರೂ ಎದ್ದು ಹೋಗಲಿಲ್ಲ. ದಿನಕ್ಕೆ ಒಂದು ಪ್ರಶ್ನೆ ಕ್ಲಾಸಿನಿಂದ ಬರುವಾಗಲೇ ತಲೆಯಲ್ಲಿ ಜೋಡಿಸಿಕೊಂಡು ಬರುತ್ತಿದ್ದೆ. "ನಿನ್ನ ಅಜ್ಜಿ ಹಬ್ಬಕ್ಕೆ ಏನು ಮಾಡ್ತಾರೆ?" ಅಂತ ಕೇಳಿದರೆ ಸಾಕು, ಅರ್ಧ ಗಂಟೆ ಅವರೇ ಮಾತಾಡುತ್ತಿದ್ದರು. ನಾನು ಕೇಳುತ್ತಾ ಕೂರುತ್ತಿದ್ದೆ. ಡಿಸೆಂಬರ್ ಹೊತ್ತಿಗೆ ನಡುವೆ ಬಾಯಿ ಹಾಕುವಷ್ಟು ಧೈರ್ಯ ಬಂತು.

ಕನ್ನಡ ನನಗೆ ಇಷ್ಟೊಂದು ಸಹಾಯ ಮಾಡುತ್ತದೆ ಅಂತ ಯಾರೂ ಹೇಳಿರಲಿಲ್ಲ. ‘ಮೆ ಗುಸ್ತಾ’ ಅಂದರೆ ‘ನನಗೆ ಇಷ್ಟ’. ಇಂಗ್ಲಿಷ್ ಮನೆಮಾತಿನವರು ಕ್ಲಾಸಿನಲ್ಲಿ ಇದಕ್ಕೆ ವಾರಗಟ್ಟಲೆ ಒದ್ದಾಡಿದರು. ಅವರ ಭಾಷೆಯಲ್ಲಿ ‘ನಾನು ಇಷ್ಟಪಡುತ್ತೇನೆ’ ಅಂತಲೇ ಹೇಳಬೇಕು. ನಮಗೆ ‘ನನಗೆ’ ಅನ್ನುವುದು ಹುಟ್ಟಿನಿಂದ ಬಂದದ್ದು. ತಲೆನೋವಿಗೂ ಅಷ್ಟೇ, ‘ಮೆ ದ್ವೆಲೆ ಲಾ ಕಬೇಸಾ’, ನನಗೆ ತಲೆ ನೋಯುತ್ತದೆ. ‘ಬಂದೆ’ ಅಂದರೆ ಬಂದದ್ದು ನಾನೇ ಅಂತ ಗೊತ್ತಾಗುವ ಹಾಗೆ ಅವರದ್ದೂ ಕ್ರಿಯಾಪದದಲ್ಲೇ ಎಲ್ಲ ಇರುತ್ತದೆ, ‘ನಾನು’ ಬೇಕಿಲ್ಲ. ತ, ದ, ಒತ್ತಿ ಹೇಳುವ ರ್ರ, ಎಲ್ಲ ನಮ್ಮವೇ. ‘ಅರ್ಮಾರಿಯೊ’ ಅಂದರೆ ಅಲಮಾರು ಅಂತ ಗೊತ್ತಾದ ದಿನ ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಸ್ಪ್ಯಾನಿಷಿನ ಅಕ್ಕಪಕ್ಕದ ಪೋರ್ಚುಗೀಸಿನಿಂದ ಅದು ನಮ್ಮ ಮನೆಗೂ ಬಂದು ಕೂತಿದೆ.

ಇನ್ನೊಂದು ಸಂತೋಷ ಅಂದರೆ ಕಾಸೆರೆಸ್‌ನವಳಿಗೂ ಪ್ವೆಬ್ಲಾದವಳಿಗೂ ದಿನಾ ನಡೆಯುತ್ತಿದ್ದ ಮಾತಿನ ಜಗಳ. ‘ಬಸ್ಸು ಹಿಡಿ’ ಅನ್ನಲು ಸ್ಪೇನಿನವರು ಹೇಳುವ ಪದ ಮೆಕ್ಸಿಕೋದಲ್ಲಿ ಕೆಟ್ಟ ಮಾತು. ಅವಳು ಅಂದಾಗೆಲ್ಲ ಇವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನನಗೆ ಬೆಂಗಳೂರಿನ ಹಾಸ್ಟೆಲ್ ನೆನಪಾಗುತ್ತಿತ್ತು. ಅಲ್ಲಿ ನಮ್ಮ ‘ಹೌದ್ರಿ’ ಕೇಳಿ ಮೈಸೂರಿನವರು ಹೀಗೇ ನಗುತ್ತಿದ್ದರು.

ಮೇಜಿನಲ್ಲಿ ಕಲಿತ ಎರಡನೇ ಮಾತು ‘ಮೆ ಅಪುಂತೊ’. ನನ್ನ ಹೆಸರೂ ಬರೆದುಕೋ, ನಾನೂ ಬರ್ತೀನಿ ಅಂತ. ಮೊದಲ ಎರಡು ತಿಂಗಳು ಯಾರು ಎಲ್ಲಿಗೆ ಕರೆದರೂ ಇದನ್ನೇ ಹೇಳುವುದು ಅಂತ ನಿರ್ಧಾರ ಮಾಡಿದೆ. ಸುಸ್ತಾಗಿದ್ದರೂ ಸರಿ, ಚಳಿ ಇದ್ದರೂ ಸರಿ. ಸಿಗುವ ಜಾಗ ಯಾವಾಗಲೂ ಒಂದೇ, ಪ್ಲಾಸಾ ಮಯೋರ್‌ನ ಗಡಿಯಾರದ ಕೆಳಗೆ. 1729ರಿಂದ 1755ರ ತನಕ ಕಟ್ಟಿದ ದೊಡ್ಡ ಚೌಕ ಅದು. ಊರಲ್ಲಿ "ಗಡಿಯಾರದ ಕೆಳಗೆ ಸಿಗೋಣ" ಅಂದರೆ ಬೇರೆ ವಿಳಾಸ ಬೇಕಿಲ್ಲ. ಹತ್ತಕ್ಕೆ ಅಂದರೆ ಹತ್ತೂಕಾಲು. ಅದೂ ರಾತ್ರಿಯ ಹತ್ತು!

ಹೀಗೆ ಹೆಸರು ಬರೆಸಿಯೇ ಕಪ್ಪೆ ಹುಡುಕಲು ಹೋಗಿದ್ದು. ವಿಶ್ವವಿದ್ಯಾಲಯದ ಹಳೆಯ ಮುಂಬಾಗಿಲ ಗೋಡೆಯ ತುಂಬಾ ಕೆತ್ತನೆ. ಅದರಲ್ಲಿ ಒಂದು ತಲೆಬುರುಡೆ, ಆ ಬುರುಡೆಯ ಮೇಲೆ ಪುಟ್ಟ ಕಪ್ಪೆ. ಯಾರೂ ತೋರಿಸದೆ ಕಂಡುಹಿಡಿದವರು ಪರೀಕ್ಷೆಯಲ್ಲಿ ಪಾಸು ಅಂತ ನಂಬಿಕೆ. ಪೋಲೆಂಡಿನವಳಿಗೆ ಐದು ನಿಮಿಷಕ್ಕೆ ಸಿಕ್ಕಿತು. ಅವಳು ತುಟಿ ಬಿಚ್ಚಲಿಲ್ಲ. ನನಗಾಗಿ ಚಳಿಯಲ್ಲಿ ಮುಕ್ಕಾಲು ಗಂಟೆ ಕೈ ಉಜ್ಜಿಕೊಳ್ಳುತ್ತಾ ನಿಂತಳು. ನನಗೆ ಕಂಡಾಗ ನನಗಿಂತ ಜೋರಾಗಿ ಕಿರುಚಿದ್ದು ಅವಳೇ. ಪಕ್ಕದ ಹೊಸ ಕೆಥೆಡ್ರಲ್‌ನ ಬಾಗಿಲಲ್ಲಿ ಗಗನಯಾತ್ರಿಯೂ ಇದ್ದಾನೆ. 1992ರ ದುರಸ್ತಿಯಲ್ಲಿ ಕೆತ್ತಿದ್ದು. ಐಸ್‌ಕ್ರೀಮ್ ತಿನ್ನುವ ಒಂದು ಪ್ರಾಣಿಯೂ ಅಲ್ಲೇ ಇದೆ. ಅಕ್ಟೋಬರ್ 31ರಂದು ಅದೇ ಕೆಥೆಡ್ರಲ್ ಗೋಪುರವನ್ನು ಹಳ್ಳಿಯ ಉಡುಪು ತೊಟ್ಟ ಒಬ್ಬ ಹತ್ತುತ್ತಾನೆ. 1755ರ ಲಿಸ್ಬನ್ ಭೂಕಂಪದಲ್ಲಿ ಊರು ಉಳಿಯಿತು ಅನ್ನುವ ನೆನಪಿಗೆ. ಅವನು ಮೇಲೆ ಹೋಗುತ್ತಾ ಹೋಗುತ್ತಾ ನಾವು ನಾಲ್ವರೂ ಒಬ್ಬರ ಕೈ ಒಬ್ಬರು ಗಟ್ಟಿಯಾಗಿ ಹಿಡಿದುಕೊಂಡಿದ್ದೆವು.

ಡಿಸೆಂಬರ್‌ನಲ್ಲಿ ವಿದ್ಯಾರ್ಥಿಗಳದ್ದೇ ಒಂದು ಹೊಸ ವರ್ಷ ಇದೆ. ರಜೆಗೆ ಎಲ್ಲರೂ ಊರಿಗೆ ಹೋಗುವ ಮೊದಲೇ ಆಚರಿಸಿಬಿಡುತ್ತಾರೆ. ಹನ್ನೆರಡು ಗಂಟೆ ಬಡಿಯುವಾಗ, ಸ್ಪೇನಿನವರು ಹೊಸ ವರ್ಷಕ್ಕೆ ತಿನ್ನುವ ಹನ್ನೆರಡು ದ್ರಾಕ್ಷಿಯ ಬದಲು ಹನ್ನೆರಡು ಜೆಲ್ಲಿ ಮಿಠಾಯಿ ತಿನ್ನುವುದು. ಗದ್ದಲ ನನಗೆ ಸ್ವಲ್ಪ ಜಾಸ್ತಿಯೇ ಆಯಿತು, ಬೇಗ ಮನೆಗೆ ಬಂದೆವು.

ಊಟದ ವಿಷಯ ಹೇಳಲೇಬೇಕು. ನಾನು ಮಾಂಸ ತಿನ್ನುವುದಿಲ್ಲ. ಹೋಟೆಲಿನಲ್ಲಿ ‘ಸಿನ್ ಕಾರ್ನೆ’, ಮಾಂಸ ಇಲ್ಲದೆ ಕೊಡಿ, ಅಂದರೆ ಟ್ಯೂನಾ ಮೀನು ಹಾಕಿದ ಸಲಾಡ್ ಬರುತ್ತದೆ, ಇಲ್ಲವೇ ಹಂದಿಯ ತೊಡೆಯ ಹಾಮೋನ್ ಚೂರು ಬಿದ್ದಿರುತ್ತದೆ. ಮಾಂಸ ಬೇಡ, ಮೀನು ಬೇಡ, ಹಾಮೋನ್ ಬೇಡ ಅಂತ ಮೂರನ್ನೂ ಬಿಡಿಸಿ ಹೇಳಬೇಕು. ಎರಡನೇ ತಿಂಗಳಿಂದ ನಾನು ಬಾಯಿ ತೆರೆಯುವ ಮೊದಲೇ ಪ್ವೆಬ್ಲಾದವಳು ಇದನ್ನು ಮಂತ್ರದ ಹಾಗೆ ಹೇಳಿಬಿಡುತ್ತಿದ್ದಳು. ಮೊಟ್ಟೆ ಮಾತ್ರ ಅಲ್ಲಿ ಶುರು ಮಾಡಿದೆ, ತೊರ್ತಿಯಾ ಬಿಡಲಾಗದೆ. ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ, ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸಿ, ಮೊಟ್ಟೆಗೆ ಬೆರೆಸಿ, ದಪ್ಪಗೆ ಹುಯ್ಯುವುದು. ಕಷ್ಟ ಇರುವುದು ಮಗುಚುವಲ್ಲಿ. ಬಾಣಲೆಯ ಮೇಲೆ ತಟ್ಟೆ ಮುಚ್ಚಿ, ಉಸಿರು ಬಿಗಿಹಿಡಿದು, ಒಂದೇ ಸಲಕ್ಕೆ ತಿರುಗಿಸಬೇಕು. ಅನುಮಾನಿಸಿದರೆ ಹಸಿ ಮೊಟ್ಟೆ ಮೊಣಕೈ ತನಕ ಇಳಿಯುತ್ತದೆ. ಈರುಳ್ಳಿ ಹಾಕಬೇಕೋ ಬೇಡವೋ ಅಂತ ಆ ದೇಶದಲ್ಲಿ ಮನೆಮನೆಯಲ್ಲೂ ವಾದ. ನಾನು ಈರುಳ್ಳಿಯ ಕಡೆಯವಳು.

ಬದಲಿಗೆ ನಾನು ರೊಟ್ಟಿ ಕಲಿಸಿದೆ. ಊರಿಂದ ಎರಡು ಕಿಲೋ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಒಯ್ದಿದ್ದೆ. ಒಂದು ರಾತ್ರಿ ಊಟ ಆದಮೇಲೆ ಅದೇ ಮೇಜಿನ ಮೇಲೆ ಹಿಟ್ಟು ಉದುರಿಸಿ ಬಡಿಯತೊಡಗಿದೆ. ಬಡಿಯುವ ಸದ್ದು ಕೇಳಿ ಮೂವರೂ ಸುಮ್ಮನಾದರು. ಆಮೇಲೆ ಒಬ್ಬೊಬ್ಬರಾಗಿ ಕೈ ಹಾಕಿದರು. ಪ್ವೆಬ್ಲಾದವಳದ್ದು ಮೊದಲ ಸಲಕ್ಕೇ ದುಂಡಗೆ ಬಂತು. ಅವಳ ಅಜ್ಜಿ ಮೆಕ್ಕೆಜೋಳದ ರೊಟ್ಟಿ ಕೈಯಲ್ಲೇ ತಟ್ಟುತ್ತಿದ್ದರಂತೆ, ಮೆಕ್ಸಿಕೋದಲ್ಲಿ ತೊರ್ತಿಯಾ ಅಂದರೆ ಅದು. "ಈ ಸದ್ದು ನಮ್ಮ ಅಡುಗೆಮನೆಯದ್ದು" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಅದೇ ಹೊತ್ತಿಗೆ ಅವ್ವನ ಫೋನು. ನಮ್ಮದು ರಾತ್ರಿ ಹನ್ನೆರಡು ಅಂದರೆ ಅವಳದು ಬೆಳಗಿನ ನಾಲ್ಕೂವರೆ. "ಉಂಡೀಯೇನವಾ?" ಅಂತ ಕೇಳಿ, ಬಾಣಲೆಯ ಮೇಲಿನ ರೊಟ್ಟಿ ನೋಡಿ, "ಅಂಚಿಗೆ ನೀರು ಕಡಿಮಿ ಆಗೇತಿ ನೋಡು" ಅಂದಳು.

ಆ ವರ್ಷದ ದೊಡ್ಡ ಸಾಹಸ ಅಂದರೆ ಸಾಂತಿಯಾಗೊ ನಡಿಗೆ, ಕ್ರೈಸ್ತರ ಹಳೆಯ ಕಾಲ್ನಡಿಗೆ ಯಾತ್ರೆ. ಯುಗಾದಿ ಆಗಿ ಸ್ವಲ್ಪ ದಿನಕ್ಕೆ, ಈಸ್ಟರ್ ವಾರದ ರಜೆಯಲ್ಲಿ ಹೊರಟೆವು. ಸರ್ರಿಯಾ ಊರಿಂದ ಸಾಂತಿಯಾಗೊ ದೆ ಕೊಂಪೊಸ್ತೆಲಾಗೆ ಸುಮಾರು 115 ಕಿಲೋಮೀಟರ್, ಐದು ದಿನ. ಕೈಯಲ್ಲಿ ಒಂದು ಯಾತ್ರಿಕರ ಪುಸ್ತಿಕೆ. ದಿನಕ್ಕೆ ಎರಡು ಮುದ್ರೆ ಹಾಕಿಸಬೇಕು. ದಾರಿ ತೋರಿಸಲು ಮರ, ಕಲ್ಲು, ಗೋಡೆಗಳ ಮೇಲೆ ಹಳದಿ ಬಾಣಗಳು. 1980ರ ದಶಕದಲ್ಲಿ ಎಲಿಯಾಸ್ ವಲಿನ್ಯಾ ಅನ್ನುವ ಹಳ್ಳಿ ಪಾದ್ರಿಯೊಬ್ಬರು ಹಳದಿ ಬಣ್ಣದ ಡಬ್ಬಿ ಹಿಡಿದು ಬಳಿಯುತ್ತಾ ಹೋಗಿದ್ದರಿಂದ ಈ ಬಾಣಗಳು ಬಂದವು. ಅವು ಕಂಡಾಗೆಲ್ಲ ಆ ಪಾದ್ರಿಗೆ ಮನಸ್ಸಲ್ಲೇ ಕೈ ಮುಗಿದಿದ್ದೇನೆ.

ನಮ್ಮ ಕಡೆಯ ಜನ ಯುಗಾದಿಗೆ ಶ್ರೀಶೈಲಕ್ಕೆ ನಡೆದೇ ಹೋಗುತ್ತಾರೆ. ಅಪ್ಪ ಎರಡು ಸಲ ಹೋಗಿದ್ದಾರೆ. ದಾರಿಯುದ್ದಕ್ಕೂ ಗುರುತಿಲ್ಲದವರು ಅನ್ನ ಹಾಕುತ್ತಾರೆ, ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಹೊರಡುವ ಮುಂಚೆ ಫೋನಿನಲ್ಲಿ ಅಪ್ಪ, "ಕಾಲಿಗೆ ಕೊಬ್ಬರಿ ಎಣ್ಣಿ ಹಚ್ಚಿ ಕಾಲ್ಚೀಲ ಹಾಕ್ಕೋ" ಅಂದರು. ಕಾಸೆರೆಸ್‌ನವಳ ಅಪ್ಪ ಅವಳಿಗೆ ವ್ಯಾಸಲೀನ್ ಹಚ್ಚಿಕೋ ಅಂದಿದ್ದರಂತೆ. ನಾನು ಮೊದಲ ದಿನ ಹಚ್ಚಿದೆ, ಎರಡನೇ ದಿನ ಮಳೆಯ ಅವಸರದಲ್ಲಿ ಮರೆತೆ.

ಮೂರನೇ ದಿನ ಪಾಲಾಸ್ ದೆ ರೇಯ್‌ನಿಂದ ಅರ್ಸೂವಾಗೆ, 29 ಕಿಲೋಮೀಟರ್. ಮೆಲಿದೆ ದಾಟುವಷ್ಟರಲ್ಲಿ ಎಡಗಾಲಿನ ಹಿಮ್ಮಡಿಯಲ್ಲಿ ನೆಲ್ಲಿಕಾಯಿ ಗಾತ್ರದ ಬೊಬ್ಬೆ. ಪೋಲೆಂಡಿನವಳು ಕೇಳದೆಯೇ ನನ್ನ ಬ್ಯಾಗನ್ನು ತನ್ನ ಎದೆಗೆ ಹಾಕಿಕೊಂಡಳು. ಬೆನ್ನ ಮೇಲೆ ಅವಳದು, ಎದೆಯ ಮೇಲೆ ನನ್ನದು. ಹಾಗೇ ಕೊನೆಯ ಐದಾರು ಕಿಲೋಮೀಟರ್ ಮಾತಿಲ್ಲದೆ ನಡೆದಳು. ರಾತ್ರಿ ಯಾತ್ರಿಕರ ತಂಗುದಾಣದಲ್ಲಿ ಕಾಸೆರೆಸ್‌ನವಳು ಸೂಜಿಯನ್ನು ಲೈಟರ್‌ನಲ್ಲಿ ಕಾಸಿ, ದಾರ ಪೋಣಿಸಿ, ಬೊಬ್ಬೆಯ ಈ ಕಡೆಯಿಂದ ಆ ಕಡೆಗೆ ತೂರಿಸಿದಳು. ನೀರು ಇಳಿಯಲಿ ಅಂತ ದಾರ ಹಾಗೇ ಬಿಟ್ಟಳು. ನೋವು ಮರೆಯಲು ಪ್ವೆಬ್ಲಾದವಳು ನನ್ನಿಂದ ಕನ್ನಡದ ಎಣಿಕೆ ಹೇಳಿಸುತ್ತಿದ್ದಳು. ಒಂದು, ಎರಡು, ಮೂರು. ಹತ್ತು ಮುಟ್ಟುವ ಹೊತ್ತಿಗೆ ಪಕ್ಕದ ಮಂಚಗಳವರೂ ಸೇರಿಕೊಂಡಿದ್ದರು. ಮರುದಿನ ದಾರಿಯಲ್ಲಿ ಯಾವ ಊರಿನವರೋ ಒಬ್ಬ ಹಿರಿಯರು ನನ್ನನ್ನು ಕಂಡು "ಬ್ವೆನ್ ಕಮೀನೊ", ದಾರಿ ಚೆನ್ನಾಗಿರಲಿ, ಅನ್ನುವ ಬದಲು "ಓಂದು, ಎರ್ಡು!" ಅಂದರು.

ಮೋಂತೆ ದೊ ಗೋಸೊ ಗುಡ್ಡದಿಂದ ಕೆಥೆಡ್ರಲ್ ಗೋಪುರಗಳು ಮೊದಲು ಕಾಣುತ್ತವೆ. ಅಲ್ಲಿಂದ ನಾಲ್ವರೂ ಕೈ ಹಿಡಿದು ಇಳಿದೆವು. ಕೆಥೆಡ್ರಲ್ ಮುಂದಿನ ಚೌಕದಲ್ಲಿ ಒದ್ದೆ ಕಲ್ಲಿನ ಮೇಲೆಯೇ ಬೆನ್ನು ಹಾಕಿ ಮಲಗಿದೆವು. ಅಪ್ಪನಿಗೆ ಫೋನು ಮಾಡಿದೆ. "ಮುಟ್ಟಿದೆ" ಅಂದೆ. ಅವರಿಗೆ ಅಷ್ಟೇ ಸಾಕಾಯಿತು.

ವಾಪಸ್ ಬಂದ ಮೇಲೆ ಸಲಮಾಂಕಾದ್ದೇ ಒಂದು ಹಬ್ಬ, ಲೂನೆಸ್ ದೆ ಅಗ್ವಾಸ್. ಈಸ್ಟರ್ ಆಗಿ ಎಂಟು ದಿನಕ್ಕೆ ಬರುವ ಸೋಮವಾರ. ಊರಿಗೆ ಊರೇ ತೋರ್ಮೆಸ್ ಹೊಳೆಯ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗುತ್ತದೆ. ಹಿಂದೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಊರಿನ ವೇಶ್ಯೆಯರನ್ನು ಹೊಳೆಯಾಚೆಗೆ ಕಳಿಸುತ್ತಿದ್ದರಂತೆ, ಅವರು ಮರಳುವ ದಿನ ವಿದ್ಯಾರ್ಥಿಗಳು ದಂಡೆಗೆ ಹೋಗಿ ಕರೆತರುತ್ತಿದ್ದರಂತೆ. ಈಗ ಅದು ಮನೆಮಂದಿಯ ಬುತ್ತಿ ಹಬ್ಬ. ಬುತ್ತಿ ಅಂದರೆ ಓರ್ನಾಸೊ, ಒಳಗೆ ಹಂದಿ ಮಾಂಸ ತುಂಬಿ ಒಲೆಯಲ್ಲಿ ಬೇಯಿಸಿದ ದೊಡ್ಡ ರೊಟ್ಟಿ. ನನಗೆ ತಿನ್ನಲಾಗದು. ಭಾನುವಾರ ರಾತ್ರಿ ಅಡುಗೆಮನೆಗೆ ಹೋದರೆ ಕಾಸೆರೆಸ್‌ನವಳು ಆಗಲೇ ಹಿಟ್ಟು ನಾದುತ್ತಿದ್ದಳು. ಹಂದಿಯ ಕೊಬ್ಬಿನ ಬದಲು ಬರೀ ಆಲಿವ್ ಎಣ್ಣೆ ಹಾಕಿದ್ದಳು. "ಒಳಗಿನದ್ದು ನೀನು ಮಾಡು" ಅಂದಳು. ಪೂರಿಗೆ ಮಾಡುವ ಆಲೂಗಡ್ಡೆ ಪಲ್ಯ ಮಾಡಿದೆ, ಸಾಸಿವೆ, ಅರಿಶಿನ, ಹಸಿಮೆಣಸಿನಕಾಯಿ ಹಾಕಿ. ಅವಳು ಹಿಟ್ಟಿನ ಪಟ್ಟಿಗಳನ್ನು ಜಾಳಿಗೆಯ ಹಾಗೆ ಮೇಲೆ ಹೆಣೆದಳು.

ಮರುದಿನ ರೋಮನ್ನರ ಕಾಲದ ಸೇತುವೆಯ ಪಕ್ಕ ಹುಲ್ಲಿನ ಮೇಲೆ ಚಾದರ ಹಾಸಿ ಅದನ್ನು ಕತ್ತರಿಸಿದೆವು. ಪಕ್ಕದ ಚಾದರದ ಅಜ್ಜಿಯೊಬ್ಬರು ವಾಸನೆ ಹಿಡಿದು ಬಂದು ಒಂದು ಚೂರು ಕೇಳಿದರು. ತಿಂದರು. ಸಾಸಿವೆ ಕಾಳನ್ನು ಬೆರಳ ತುದಿಗೆ ತೆಗೆದು ಇದೇನು ಅಂತ ಕೇಳಿದರು. ಆಮೇಲೆ ಎದ್ದು ಹೋಗದೆ ನಮ್ಮ ಚಾದರದ ಮೇಲೇ ಕೂತುಬಿಟ್ಟರು. ಕತ್ತಲಾಗುವ ತನಕ.

ಜೂನ್‌ನಲ್ಲಿ ಒಬ್ಬೊಬ್ಬರೇ ಹೊರಟೆವು. ಬರುವ ಜನವರಿಯಲ್ಲಿ ಕಾಸೆರೆಸ್‌ನವಳು ಬಾಗಲಕೋಟೆಗೆ ಬರುತ್ತಿದ್ದಾಳೆ. ಟಿಕೆಟ್ ಆಗಿದೆ. ಬಾದಾಮಿ, ಐಹೊಳೆ ತೋರಿಸಬೇಕು. "ಆ ಹುಡುಗಿಗೆ ಖಾರ ನಡೀತದೇನ?" ಅಂತ ಅವ್ವ ಈಗಾಗಲೇ ನಾಲ್ಕು ಸಲ ಕೇಳಿದ್ದಾಳೆ. ನಿನ್ನೆ ಕಾಸೆರೆಸ್‌ನವಳ ಸಂದೇಶ ಬಂತು: "ಎಣ್ಣೆ ನಾನು ತರ್ತೀನಿ, ಆಲೂಗಡ್ಡೆ ನಿಮ್ಮದು. ಈರುಳ್ಳಿ ಹಾಕೋಣ."