ಸರ್ಕಾರಿ ಶಿಕ್ಷಕ ಹುದ್ದೆಗಳ ಏರಿಳಿತವನ್ನು ಗುರುತಿಸುವ ಬಗೆ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಉದ್ಯೋಗ ಹೆಚ್ಚುತ್ತಿದೆಯೇ ಎಂದು ತಿಳಿಯಲು ನೇಮಕಾತಿ ಅಧಿಸೂಚನೆಯ ಸಂಖ್ಯೆಯನ್ನಷ್ಟೇ ನಂಬದೆ, ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಉಳಿದ ಹುದ್ದೆಗಳನ್ನು ವರ್ಷವಾರು ಅಕ್ಕಪಕ್ಕ ಬರೆದುಕೊಳ್ಳಿ. 2022ರಲ್ಲಿ 6ರಿಂದ 8ನೇ ತರಗತಿಗಳಿಗಾಗಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆಯಲಾಯಿತು. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದವು. ಸಂವಿಧಾನದ 371ಜೆ ವಿಧಿಯಡಿ ಆ ಭಾಗಕ್ಕೆ ಪ್ರತ್ಯೇಕ ಮೀಸಲಾತಿ ಇರುವುದರಿಂದ ಅಲ್ಲಿನ ಲೆಕ್ಕವನ್ನು ಬೇರೆಯಾಗಿಯೇ ಇಡುವುದು ಲೇಸು. ಅರ್ಜಿ ಕರೆದ ದಿನದಿಂದ ನೇಮಕಾತಿ ಆದೇಶ ಕೈಸೇರುವಷ್ಟರಲ್ಲಿ ಹಲವರು ನಿವೃತ್ತರಾಗಿರುತ್ತಾರೆ. ಆದ್ದರಿಂದ ಹೊಸದಾಗಿ ಸೇರಿದವರ ಸಂಖ್ಯೆಯಿಂದ ನಿವೃತ್ತರ ಸಂಖ್ಯೆಯನ್ನು ಕಳೆದು ಉಳಿದುದನ್ನಷ್ಟೇ ಏರಿಕೆಯೆಂದು ಪರಿಗಣಿಸಿ. ಗೌರವಧನದ ಮೇಲೆ ದುಡಿಯುವ ಅತಿಥಿ ಶಿಕ್ಷಕರನ್ನು ಕಾಯಂ ಹುದ್ದೆಗಳೊಂದಿಗೆ ಕೂಡಿಸಬೇಡಿ. ಅವರ ಸಂಖ್ಯೆ ಹೆಚ್ಚಿದರೆ ಅದು ಬಹುಮಟ್ಟಿಗೆ ಖಾಲಿ ಹುದ್ದೆಗಳು ಭರ್ತಿಯಾಗದಿರುವುದರ ಸೂಚನೆಯೇ ಆಗಿರುತ್ತದೆ.