ಫ್ರೀ ಚೆಕಪ್ಪಿಗೆ ಬಂದ 240 ಡಾಲರ್ ಬಿಲ್

ಡಾಕ್ಟರನ್ನ ಹುಡುಕೋದು, ಇನ್ಶೂರೆನ್ಸ್ ಕಾರ್ಡು ತೋರಿಸೋದು ಅಮೆರಿಕಕ್ಕೆ ಬಂದ ವಾರದಲ್ಲೇ ಎಲ್ಲರೂ ಕಲೀತಾರೆ. ನಾನು ಹೇಳ್ತಿರೋದು ಮುಟ್ಟು ನಿಂತ ಮೇಲಿನ ಹಾರ್ಟ್ ಚೆಕಪ್ ಬಗ್ಗೆ. ನನಗೆ ಬಂದಂಥದೇ ಬಿಲ್ಲಿನ ಫೋಟೊ ಹೋದ ತಿಂಗಳು ಗೆಳತಿಯೊಬ್ಬಳು ಕಳಿಸಿದಳು. ಅದಕ್ಕೇ ಬರೀತಿದ್ದೀನಿ.

2010ರ ಅಫೋರ್ಡಬಲ್ ಕೇರ್ ಆಕ್ಟ್ (ಒಬಾಮಾಕೇರ್) ಕಾನೂನಿನಿಂದಾಗಿ ಬಹುತೇಕ ಇನ್ಶೂರೆನ್ಸ್ ಪ್ಲ್ಯಾನ್‌ಗಳಲ್ಲಿ ವರ್ಷಕ್ಕೊಂದು ಪ್ರಿವೆಂಟಿವ್ ಚೆಕಪ್ ಫ್ರೀ, ಡಾಕ್ಟರು ನೆಟ್‌ವರ್ಕಿನ ಒಳಗಿರಬೇಕು, ಅಂದ್ರೆ ಆ ಇನ್ಶೂರೆನ್ಸ್ ಜೊತೆ ಒಪ್ಪಂದ ಇರೋರಾಗಿರಬೇಕು, ಅಷ್ಟೆ. ಅದಕ್ಕೇ ನಾನೂ ಹೋದೆ. ಬಿಪಿ ನೋಡಿದ್ರು, ಕೊಲೆಸ್ಟ್ರಾಲಿಗೆ ರಕ್ತ ತಗೊಂಡ್ರು. ಎದ್ದು ಹೊರಡೋ ಹೊತ್ತಿಗೆ "ಮತ್ತೇನಾದ್ರೂ ತೊಂದರೆ?" ಅಂತ ಕೇಳಿದ್ರು. ನಮ್ಮೂರ ಡಾಕ್ಟರ ಎದುರು ಹೇಳ್ಕೊಂಡ ಹಾಗೆ, "ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ" ಅಂದುಬಿಟ್ಟೆ. ಅಲ್ಲೇ ಇಸಿಜಿ ಆಯ್ತು. ಮೂರು ವಾರಕ್ಕೆ ಬಿಲ್ಲೂ ಬಂತು. ಒಂದೇ ಭೇಟಿಗೆ ಎರಡು ಬಿಲ್ಲಿಂಗ್ ಕೋಡ್: ಚೆಕಪ್ಪಿಗೆ ಒಂದು, ಏದುಸಿರಿಗೆ ಇನ್ನೊಂದು. ಎರಡನೇದು ಪೂರ್ತಿ ನನ್ನ ಡಿಡಕ್ಟಿಬಲ್ ಮೇಲೆ, ಅಂದ್ರೆ ಇನ್ಶೂರೆನ್ಸ್ ಕೊಡೋಕೆ ಶುರು ಮಾಡೋ ಮೊದಲು ನಾನೇ ಕೈಯಿಂದ ಕಟ್ಟಬೇಕಾದ ಪಾಲಿಗೆ. ಫೋನ್ ಮಾಡಿ ಮುಕ್ಕಾಲು ಗಂಟೆ ಹೋಲ್ಡ್‌ನಲ್ಲಿ ಕಾದಿದ್ದಕ್ಕೆ ಸಿಕ್ಕ ಉತ್ತರ, "ಕೋಡ್ ಸರಿಯಾಗೇ ಇದೆ ಮೇಡಂ."

ಹಾಗಂತ ಬಿಲ್ಲಿಗೆ ಹೆದರಿ ಬಾಯಿ ಮುಚ್ಕೊಂಡು ಬರಬೇಡಿ. ಹೆಂಗಸರಿಗೆ ಹಾರ್ಟ್ ತೊಂದರೆ ಎಷ್ಟೋ ಸಲ ಏದುಸಿರು, ದವಡೆ ನೋವು, ಬೆನ್ನು ನೋವು, ವಾಕರಿಕೆ, ವಿಪರೀತ ಸುಸ್ತು, ಈ ರೂಪದಲ್ಲಿ ಬರುತ್ತೆ. ದುಡ್ಡು ಹೋಗುತ್ತೆ ಅಂತ ಗೊತ್ತಿದ್ದೇ ಹೇಳಿ. ಇದ್ದಕ್ಕಿದ್ದಂತೆ ಬಂದ್ರೆ ಗ್ಯಾಸ್ ಅಂತ ಜೀರಿಗೆ ಕಷಾಯ ಕುಡೀತಾ ಕೂರದೆ 911ಕ್ಕೆ ಫೋನ್ ಮಾಡಿ.

ಕೇಳದೇ ಇದ್ರೂ ನೀವೇ ಹೇಳಬೇಕಾದ್ದು ಮೂರಿದೆ: ಮುಟ್ಟು ಯಾವ ವಯಸ್ಸಿಗೆ ನಿಂತಿತು, ಬಸಿರಲ್ಲಿ ಬಿಪಿ ಏರಿತ್ತಾ, ನಮ್ಮ ಮೂಲ ಯಾವುದು. ನಲವತ್ತರೊಳಗೆ ಮುಟ್ಟು ನಿಲ್ಲೋದು, ಪ್ರಿ-ಎಕ್ಲಾಂಪ್ಸಿಯಾ (ಬಸಿರಲ್ಲಿ ಬಿಪಿ ಏರಿ ಬರೋ ತೊಂದರೆ), ದಕ್ಷಿಣ ಏಷ್ಯಾದ ಮೂಲ, ಮೂರನ್ನೂ 2018ರ ಇಲ್ಲಿನ ಕೊಲೆಸ್ಟ್ರಾಲ್ ಮಾರ್ಗಸೂಚಿ ಅಪಾಯ ಹೆಚ್ಚಿಸೋ ಅಂಶ ಅಂತ ಪಟ್ಟಿ ಮಾಡಿದೆ. ಆದ್ರೆ ಡಾಕ್ಟರು ಅಪಾಯದ ಲೆಕ್ಕ ಹಾಕೋ ಕ್ಯಾಲ್ಕ್ಯುಲೇಟರಿನಲ್ಲಿ ಮುಟ್ಟು, ಬಸಿರಿನ ಮಾತೇ ಇಲ್ಲ. ಲೆಕ್ಕ ಅತ್ತಲೂ ಅಲ್ಲ ಇತ್ತಲೂ ಅಲ್ಲ ಅನ್ನೋ ಹಾಗಿದ್ರೆ ಕ್ಯಾಲ್ಸಿಯಂ ಸ್ಕ್ಯಾನ್ (ಹಾರ್ಟಿನ ರಕ್ತನಾಳದಲ್ಲಿ ಕ್ಯಾಲ್ಸಿಯಂ ಕೂತಿದೆಯಾ ಅಂತ ನೋಡೋ ಸಿಟಿ ಸ್ಕ್ಯಾನ್) ಹೇಳಬಹುದು. ಅದಕ್ಕೆ ಎಷ್ಟೋ ಇನ್ಶೂರೆನ್ಸ್‌ಗಳು ದುಡ್ಡು ಕೊಡಲ್ಲ, ಇನ್ಶೂರೆನ್ಸ್ ಬಿಟ್ಟು ಕೈಯಿಂದ ಕೊಟ್ರೆ ಕ್ಯಾಶ್ ರೇಟ್ ಎಷ್ಟು ಅಂತ ಮೊದಲೇ ಕೇಳಿಡಿ.

ರೇಟಿನ ವಿಷಯದಲ್ಲಿ ನನ್ನ ವೋಟು ಬೆಂಗಳೂರಿಗೇ. ಖಾಲಿ ಹೊಟ್ಟೇಲಿ ಲ್ಯಾಬಿಗೆ ಹೋದ್ರೆ ಎಷ್ಟಾಗುತ್ತೆ ಅಂತ ಕೌಂಟರಲ್ಲೇ ಹೇಳ್ತಾರೆ, ಸಂಜೆಗೆ ರಿಪೋರ್ಟ್. ಪ್ಯಾಕೇಜ್ ಅಂತ ಕಂಡಕಂಡವರನ್ನೆಲ್ಲ ಟ್ರೆಡ್‌ಮಿಲ್ ಹತ್ತಿಸೋದು ಮಾತ್ರ ನನಗೆ ಹಿಡಿಸಲ್ಲ.

ಊರಿಂದ ಅಮ್ಮನೋ ಅತ್ತೆಯೋ ಬರೋರಿದ್ರೆ ಈ ಟೆಸ್ಟುಗಳನ್ನ ಅಲ್ಲೇ ಮುಗಿಸಿಕೊಂಡು ಬರಲಿ. ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ಇದಕ್ಕೆಲ್ಲ ಕೊಡಲ್ಲ. ರಿಪೋರ್ಟು ಹ್ಯಾಂಡ್‌ಬ್ಯಾಗಲ್ಲಿರಲಿ, ಹಪ್ಪಳದ ಡಬ್ಬಿ ಕೆಳಗೆ ಸೂಟ್‌ಕೇಸಲ್ಲಿ ಬೇಡ.